ಲಖನೌಗೆ ಹೋದವರ ಬಾಳನ್ನು ನಾನು ಬರೆದಿಟ್ಟ ಬಗೆ

ಹಿಂದೂಸ್ತಾನಿ ಗಾಯಕ ಪಂಡಿತ ಕೆ.ಜಿ. ಗಿಂಡೆಯವರು ತೀರಿಕೊಂಡದ್ದು 1994ರ ಜುಲೈ 13ರಂದು. ನನ್ನ ಗಾಯನ ತರಗತಿಯಲ್ಲಿ ಪ್ರತಿ ವರ್ಷ ಆ ದಿನ ಮಕ್ಕಳಿಂದ ಒಂದೆರಡು ಬಂದಿಶ್ (ರಾಗ, ತಾಳಗಳಲ್ಲಿ ಕಟ್ಟಿದ ಹಾಡು) ಹಾಡಿಸುವ ರೂಢಿ ಮೊದಲಿನಿಂದಲೂ ಇತ್ತು. ಒಂದು ವರ್ಷ, ಹಾಡುವುದಕ್ಕೆ ಮುಂಚೆ ಅವರ ಬಾಳಿನ ಕುರಿತು ಹತ್ತು ನಿಮಿಷ ಓದಿ ಹೇಳಬೇಕೆಂದು ಬರೆಯಲು ಕುಳಿತೆ. ನನ್ನ ಬಳಿ ಇದ್ದುದೆಲ್ಲವೂ ಬಿರುದು, ಪ್ರಶಸ್ತಿ, ಹುದ್ದೆಗಳ ಪಟ್ಟಿ. ಬೈಲಹೊಂಗಲದಲ್ಲಿ 1925ರ ಡಿಸೆಂಬರ್ 26ರಂದು ಹುಟ್ಟಿದ ಹುಡುಗನೊಬ್ಬ ಇನ್ನೂ ಧ್ವನಿ ಒಡೆಯದ ವಯಸ್ಸಿನಲ್ಲಿ ಮನೆ ಬಿಟ್ಟು, ಭಾಷೆ ತಿಳಿಯದ ದೂರದ ಲಖನೌಗೆ ಹೋಗಿ, ಗುರುವಿನ ಮನೆಯಲ್ಲಿಯೇ ಉಳಿದು ಕಲಿತನೆಂಬುದು ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿದು ಹೋಗಿತ್ತು. ನಾನು ಕೇಳಬೇಕೆಂದುಕೊಂಡದ್ದು ಆ ಒಂದು ಸಾಲಿನೊಳಗಿನ ವಿಷಯವನ್ನೇ. ಅಲ್ಲಿಂದ ಆರಂಭವಾದ ಕೆಲಸ ಗಿಂಡೆಯವರೊಬ್ಬರಲ್ಲಿ ನಿಲ್ಲದೆ, ಅವರ ಗುರು ಕಲಿಸುತ್ತಿದ್ದ ಲಖನೌದ ಸಂಗೀತ ಕಾಲೇಜಿಗೆ ಸೇರಿದ ಅನೇಕರ, ಅದರಲ್ಲೂ ನಮ್ಮ ಕಡೆಯಿಂದ ಅಲ್ಲಿಗೆ ಹೋದವರ ಬಾಳನ್ನು ಬರೆದಿಡುವ ಕೆಲಸವಾಗಿ ಬೆಳೆಯಿತು. ಅದನ್ನು ನಾನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಬೇರೆ ಸಂಗೀತ ಶಾಲೆಗಳ ಗುರುಗಳ ಬಗ್ಗೆ ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲ ತಪ್ಪು ಕಾಲೇಜಿನ ಹೆಸರಿನಲ್ಲಿಯೇ ಆಯಿತು. ಸಂಗೀತ ಶಾಸ್ತ್ರಜ್ಞ ವಿಷ್ಣು ನಾರಾಯಣ ಭಾತಖಂಡೆಯವರು ರಾಯ್ ಉಮಾನಾಥ ಬಲಿ ಮೊದಲಾದವರ ನೆರವಿನಿಂದ 1926ರಲ್ಲಿ ಲಖನೌದಲ್ಲಿ ಆರಂಭಿಸಿದ ಸಂಸ್ಥೆಗೆ ಆಗಿನ ಸಂಯುಕ್ತ ಪ್ರಾಂತದ ಗವರ್ನರ್ ವಿಲಿಯಂ ಮ್ಯಾರಿಸ್ ಅವರ ಹೆಸರಿಟ್ಟಿದ್ದರು. ನಾಲ್ಕು ದಶಕಗಳ ಕಾಲ ಅದು ಮ್ಯಾರಿಸ್ ಕಾಲೇಜು ಎಂದೇ ಹೆಸರಾಗಿತ್ತು. 1966ರಲ್ಲಿ ಉತ್ತರ ಪ್ರದೇಶ ಸರ್ಕಾರ ಅದನ್ನು ವಹಿಸಿಕೊಂಡು ಭಾತಖಂಡೆಯವರ ಹೆಸರನ್ನು ಇಟ್ಟಿತು. 2000ದಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಈಗ ಅದು ಭಾತಖಂಡೆ ಸಂಸ್ಕೃತಿ ವಿಶ್ವವಿದ್ಯಾಲಯ. ನಾನು ಆರಂಭದ ಟಿಪ್ಪಣಿಗಳಲ್ಲಿ ಮ್ಯಾರಿಸ್ ಕಾಲೇಜಿನವರು, ಭಾತಖಂಡೆ ಕಾಲೇಜಿನವರು ಎಂದು ಎರಡು ಕಟ್ಟುಗಳನ್ನು ಮಾಡಿಟ್ಟಿದ್ದೆ. ಇದರಿಂದ ಗುರು ಒಂದು ಕಟ್ಟಿನಲ್ಲಿ, ಅವರ ಶಿಷ್ಯರು ಇನ್ನೊಂದರಲ್ಲಿ ಸೇರಿ ಪರಂಪರೆಯೇ ತುಂಡಾಗಿತ್ತು. ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಭಾತಖಂಡೆ ಸಂಗೀತ ವಿದ್ಯಾಪೀಠ ಎಂಬುದು ಬೇರೆ ಬೇರೆ ಊರುಗಳ ಸಂಗೀತ ಶಾಲೆಗಳ ವಿದ್ಯಾರ್ಥಿಗಳಿಗೂ ಪರೀಕ್ಷೆ ನಡೆಸುವ ಸಂಸ್ಥೆ. ಅದರ ವಿಶಾರದ ಅಥವಾ ನಿಪುಣ ಪದವಿ ಪಡೆದವರು ಲಖನೌದಲ್ಲಿ ಕುಳಿತು ಕಲಿತಿರಬೇಕೆಂಬ ನಿಯಮವಿಲ್ಲ. ಪದವಿಯ ಹೆಸರನ್ನಷ್ಟೇ ನೋಡಿ ನಾನು ಐದಾರು ಮಂದಿಯನ್ನು ಕಾಲೇಜಿನ ವಿದ್ಯಾರ್ಥಿಗಳೆಂದು ಬರೆದುಕೊಂಡಿದ್ದೆ. ಅವರಲ್ಲಿ ಒಬ್ಬರ ಮಗಳು, ತಂದೆಯವರು ತಮ್ಮ ಊರು ಬಿಟ್ಟು ಹೊರಗೆ ಕಲಿತದ್ದೇ ಇಲ್ಲವೆಂದು ಸೌಜನ್ಯದಿಂದ ತಿದ್ದಿದರು. ಅಂದಿನಿಂದ ಯಾರ ಬಗ್ಗೆಯಾದರೂ ನಾನು ಮೊದಲು ಕೇಳುವುದು ಯಾವ ಪರೀಕ್ಷೆ ಪಾಸಾದರು ಎಂದಲ್ಲ, ಯಾರ ಮುಂದೆ ಕುಳಿತು ಕಲಿತರು ಎಂದು.

ಇದಾದ ಮೇಲೆ ಎಲ್ಲವನ್ನೂ ಒಡೆದು ಹೊಸದಾಗಿ ಕಟ್ಟಿದೆ. ಒಬ್ಬೊಬ್ಬರಿಗೆ ಒಂದೊಂದು ದಪ್ಪ ಕಾರ್ಡು. ಮೇಲ್ಭಾಗದಲ್ಲಿ ಹೆಸರು, ಶಿಷ್ಯರು ಕರೆಯುತ್ತಿದ್ದ ಹೆಸರು, ಹುಟ್ಟು ಮತ್ತು ಸಾವಿನ ದಿನ. ನಡುವೆ ಕಲಿತದ್ದು ಯಾರಲ್ಲಿ, ಕಲಿಸಿದ್ದು ಯಾರಿಗೆ. ಕೆಳಗೆ, ಅವರ ಮೂಲಕ ನಮಗೆ ಬಂದ ಒಂದು ಬಂದಿಶಿನ ಮೊದಲ ಸಾಲು. ಕರೆಯುವ ಹೆಸರನ್ನು ಬರೆದುಕೊಳ್ಳುವುದು ಅನಾವಶ್ಯಕವೆಂದು ತೋರಬಹುದು, ಆದರೆ ಲಖನೌದಲ್ಲಿ ಗಿಂಡೆಯವರಿಗೆ ಕಲಿಸಿದ ಗುರುಗಳನ್ನೇ ನೋಡಿ, ಹಳೆಯ ಶಿಷ್ಯರ ಮಾತಿನಲ್ಲಿ ಅವರ ಶ್ರೀಕೃಷ್ಣ ನಾರಾಯಣ ರಾತಂಜನಕರ್ ಎಂಬ ಪೂರ್ಣ ಹೆಸರು ಬರುವುದೇ ಇಲ್ಲ. ಅವರೆಲ್ಲರಿಗೂ ಅವರು ಅಣ್ಣಾಸಾಹೇಬರು. ಹಾಗೆ ಅಣ್ಣಾ ಎಂದು ಕರೆಸಿಕೊಂಡವರು ಸಂಗೀತ ಲೋಕದಲ್ಲಿ ಹಲವರಿರುವುದರಿಂದ, ಮಾತು ಯಾರನ್ನು ಕುರಿತದ್ದೆಂದು ಆಗಲೇ ಕೇಳಿ ಬರೆದುಕೊಳ್ಳದಿದ್ದರೆ ಒಬ್ಬರ ಬಾಳಿನ ಘಟನೆ ಇನ್ನೊಬ್ಬರ ಕಾರ್ಡಿಗೆ ಹೋಗಿ ಸೇರುತ್ತದೆ.

ರಾತಂಜನಕರ್ ಅವರ ಕಾರ್ಡೇ ಎಲ್ಲದರ ನಡುವೆ ನಿಂತಿತು. ಬಾಲ್ಯದಲ್ಲಿ ಅವರಿಗೆ ಸ್ವರಜ್ಞಾನದ ಅಡಿಪಾಯ ಹಾಕಿದವರು ನಮ್ಮ ಕಾರವಾರದ ಕಡೆಯ ಕೃಷ್ಣಂ ಭಟ್ಟರು. ಮುಂದೆ ಭಾತಖಂಡೆಯವರ ಶಿಷ್ಯರಾಗಿ, ಬಡೋದೆಯಲ್ಲಿ ಆಗ್ರಾ ಘರಾಣೆಯ (ಗಾಯನ ಪರಂಪರೆಯ) ಉಸ್ತಾದ್ ಫೈಯಾಜ್ ಖಾನ್ ಅವರಲ್ಲಿ ತಾಲೀಮು ಪಡೆದು, 1928ರಲ್ಲಿ ಅವರು ಲಖನೌ ಕಾಲೇಜಿನ ಪ್ರಾಂಶುಪಾಲರಾದರು. ಅವರ ಬಳಿಗೆ ಬಂದವರಲ್ಲಿ ಬೈಲಹೊಂಗಲದ ಗಿಂಡೆ, ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಾಗರ್ಕರ್, ಎಸ್.ಸಿ.ಆರ್. ಭಟ್, ದಿನಕರ ಕಾಯ್ಕಿಣಿ ಇದ್ದರು. ಇವರಲ್ಲಿ ನಾಗರ್ಕರ್ ಅವರು ಗಾಯನದ ಜೊತೆಗೆ ಶಂಭು ಮಹಾರಾಜರಿಂದ ಕಥಕ್ ನೃತ್ಯವನ್ನೂ ಕಲಿತವರು. 1946ರಲ್ಲಿ ಮುಂಬಯಿಯ ಭಾರತೀಯ ವಿದ್ಯಾ ಭವನದ ಸಂಗೀತ ಶಿಕ್ಷಾಪೀಠಕ್ಕೆ ಪ್ರಾಂಶುಪಾಲರಾಗಿ ಹೋದರು. ಗಿಂಡೆ ಮತ್ತು ಭಟ್ ಅವರೂ ಮುಂಬಯಿಯಲ್ಲಿಯೇ ನೆಲೆಸಿ ಕಲಿಸಿದರು, ಜೊತೆಯಾಗಿ ಹಾಡಿದರು. ಹೀಗೆ ಲಖನೌದಲ್ಲಿ ಕಲಿತದ್ದು ಒಂದು ತಲೆಮಾರು ಕಳೆಯುವುದರೊಳಗೆ ಮುಂಬಯಿಗೆ ಬಂದು ನೆಲೆಯೂರಿತ್ತು. ನಾನು ಮಾತ್ರ ಲಖನೌದ ಹೆಸರು ಹಿಡಿದು ಅಲ್ಲಿಯೇ ಹುಡುಕುತ್ತಾ ಒಂದು ವರ್ಷವನ್ನು ಕಳೆದಿದ್ದೆ. ಕಾಲೇಜಿನ ಕಟ್ಟಡವಿರುವ ಊರಿಗಿಂತ ಶಿಷ್ಯರು ನೆಲೆಸಿದ ಊರಿನಲ್ಲಿ ಗುರುವಿನ ನೆನಪು ಹೆಚ್ಚು ದಟ್ಟವಾಗಿರುತ್ತದೆಂದು ನನಗೆ ಮೊದಲೇ ಹೊಳೆಯಬೇಕಾಗಿತ್ತು.

ತಾರೀಕುಗಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟಾದೆ. ಹಳಬರು ಇಸವಿಗಿಂತ ತಿಥಿಯನ್ನು ಚೆನ್ನಾಗಿ ನೆನಪಿಡುತ್ತಾರೆ, ಆದ್ದರಿಂದ ಎರಡನ್ನೂ ಕೇಳಿ ಪಂಚಾಂಗದೊಡನೆ ತಾಳೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಭಾತಖಂಡೆಯವರು ಗೋಕುಲಾಷ್ಟಮಿಯಂದು ಹುಟ್ಟಿ ಗಣೇಶ ಚತುರ್ಥಿಯಂದು ತೀರಿಕೊಂಡರೆಂಬ ಮಾತನ್ನು ಮೊದಲು ಕೇಳಿದಾಗ, ಭಕ್ತಿಯಿಂದ ಯಾರೋ ಹೆಣೆದ ಕಥೆಯಿರಬೇಕೆಂದು ಭಾವಿಸಿದ್ದೆ. ಅವರ ಜನ್ಮದಿನ 1860ರ ಆಗಸ್ಟ್ 10. ನಿಧನ 1936ರ ಸೆಪ್ಟೆಂಬರ್ 19. ಲೆಕ್ಕ ಹಾಕಿ ನೋಡಿದರೆ ಮೊದಲನೆಯದು ಶ್ರಾವಣ ಬಹುಳದ ಅಷ್ಟಮಿಗೂ ಎರಡನೆಯದು ಭಾದ್ರಪದ ಶುದ್ಧ ಚೌತಿಗೂ ಸರಿಯಾಗಿ ಹೊಂದುತ್ತವೆ. ಆ ದಿನ ಕಾರ್ಡಿನಲ್ಲಿ ತಾರೀಕಿನ ಪಕ್ಕದಲ್ಲಿ ತಿಥಿಯನ್ನೂ ಬರೆದಿಟ್ಟೆ, ನನ್ನ ಅನುಮಾನಕ್ಕೆ ನಾಚಿಕೆಯೂ ಆಯಿತು. ವಯಸ್ಸಿನ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ಹನ್ನೊಂದರಲ್ಲಿ ಹೋದರು ಎಂದು ಹಿರಿಯರು ಹೇಳಿದರೆ ಹನ್ನೊಂದು ತುಂಬಿತ್ತೋ, ಹನ್ನೊಂದನೆಯದು ನಡೆಯುತ್ತಿತ್ತೋ ಎಂದು ಕೇಳಲೇಬೇಕು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವರ ವಿಷಯದಲ್ಲಿ ಆ ಒಂದು ಮಾತು ಒಂದು ಇಡೀ ವರ್ಷವನ್ನು ಹಿಂದೆ ಮುಂದೆ ಮಾಡಿಬಿಡುತ್ತದೆ.

ಆದರೆ ನಾನು ಈ ಕೆಲಸದಲ್ಲಿ ನಿಜವಾಗಿ ಕಲಿತದ್ದು ಮಾತನಾಡಿಸುವುದನ್ನು. ಮುಂಬಯಿಯಲ್ಲಿ ಗಿಂಡೆಯವರ ಬಳಿ ಬಹುಕಾಲ ಕಲಿತಿದ್ದ ಹಿರಿಯ ಗಾಯಕಿಯೊಬ್ಬರನ್ನು ನಾನು ಕಾಣಲು ಹೋದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ನಾನು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ: ಯಾವ ಇಸವಿಯಲ್ಲಿ ಸೇರಿದಿರಿ, ತರಗತಿ ಎಷ್ಟು ಗಂಟೆಗೆ, ಜೊತೆಗೆ ಯಾರಿದ್ದರು. ಪ್ರತಿಯೊಂದಕ್ಕೂ ಅವರು ಸಂಕೋಚದಿಂದ ತಲೆಯಾಡಿಸಿ, "ಅದೆಲ್ಲ ಮರೆತು ಹೋಯಿತಲ್ಲ" ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ದಣಿವಾಯಿತು. ಏಳುವ ಮುಂಚೆ, "ಅಮ್ಮಾ, ಸೇರಿದ ವರ್ಷ ಯಾವ ರಾಗ ನಡೆಯುತ್ತಿತ್ತು?" ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ, ಎರಡು ಕ್ಷಣ ಬಿಟ್ಟು, ಗೌಡ ಮಲ್ಹಾರ ರಾಗದ ಒಂದು ಬಂದಿಶಿನ ಮೊದಲ ಭಾಗವಾದ ಸ್ಥಾಯಿಯನ್ನು ಎತ್ತಿಕೊಂಡರು. ಹಾಡುತ್ತಿದ್ದಂತೆ ಎಲ್ಲವೂ ಬಂತು. ಅದು ಮಳೆಗಾಲ, ಕೊಡೆಗಳನ್ನು ಬಾಗಿಲ ಹೊರಗೆ ಸಾಲಾಗಿ ಇಡುತ್ತಿದ್ದರು, ತಂಬೂರಿಯ ತಂತಿ ತೇವಕ್ಕೆ ಪದೇ ಪದೇ ಇಳಿಯುತ್ತಿತ್ತು, ಪ್ರತಿ ಸಲವೂ ಅದು ಪೂರ್ತಿ ಸೇರುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ಆ ರಾಗ ಮುಗಿದ ಮೇಲೆ ಯಾವುದು, ಅದರ ನಂತರ ಯಾವುದು ಎಂದು ಒಂದರ ಹಿಂದೆ ಒಂದರಂತೆ ಹೇಳುತ್ತಾ ಹೋದರು. ಆಮೇಲೆ ಒಳಗಿನಿಂದ ತರಿಸಿದ ಅವರ ಪಾಠದ ಪುಸ್ತಕದಲ್ಲಿ ಅದೇ ಕ್ರಮ ಇತ್ತು, ಕೆಲವು ಪುಟಗಳ ಅಂಚಿನಲ್ಲಿ ತಾರೀಕೂ ಇತ್ತು. ನನಗೆ ಬೇಕಾಗಿದ್ದ ಇಸವಿ ಆ ಅಂಚಿನಲ್ಲಿ ಸಿಕ್ಕಿತು.

ಆ ದಿನದಿಂದ ನನ್ನ ಪ್ರಶ್ನೆಗಳ ಹಾಳೆಯನ್ನು ಬದಿಗಿಟ್ಟೆ. ಸಂಗೀತಗಾರರ ನೆನಪು ರಾಗಗಳ ಮತ್ತು ಋತುಗಳ ಮೂಲಕ ನಡೆಯುತ್ತದೆ. ಮೊದಲು ಯಾವ ಚೀಜ್ (ಬಂದಿಶ್) ಕಲಿಸಿದರು, ಯಾವ ತಪ್ಪಿಗೆ ಸಿಟ್ಟಾದರು, ಯಾವ ಜಾಗದಲ್ಲಿ ತಾಳದ ಮೊದಲ ಮಾತ್ರೆಯಾದ ಸಮ ತಪ್ಪಿತು ಎಂದು ಕೇಳಿದರೆ ಗುರುವಿನ ಸ್ವಭಾವವೂ ದಿನಚರಿಯೂ ತಾವಾಗಿಯೇ ಹೊರಬರುತ್ತವೆ. ಅವರು ಕೇಳಿದರೆ ನಾವೂ ಹಾಡಬೇಕು. ನಾನು ಕಂಡ ಹಿರಿಯರಲ್ಲಿ ಹೆಚ್ಚಿನವರು, ಕೇಳಲು ಬಂದಿರುವವರಿಗೆ ಸ್ವರ ತಿಳಿದಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿದರು, ಅದು ನ್ಯಾಯವೇ. ಮಾತುಕತೆಯನ್ನು ಧ್ವನಿಮುದ್ರಿಸಿಕೊಳ್ಳಲು ಅನುಮತಿ ಕೇಳುತ್ತೇನೆ, ಆದರೆ ಜೊತೆಗೆ ಕೈಯಲ್ಲೂ ಬರೆದುಕೊಳ್ಳುತ್ತೇನೆ; ಹಾಡಿ ತೋರಿಸುವಾಗ ಅವರ ಕೈ ತಾಳವನ್ನು ಎಲ್ಲಿ ಹಾಕುತ್ತದೆ ಎಂಬುದು ಧ್ವನಿಯಲ್ಲಿ ಸಿಗುವುದಿಲ್ಲ.

ಪಾಠದ ಪುಸ್ತಕಗಳ ಬಗ್ಗೆ ಒಂದು ಮಾತು. ಭಾತಖಂಡೆಯವರ ಸ್ವರಲಿಪಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನೆಟ್ಟಗೆರೆ, ಮಂದ್ರ ಸಪ್ತಕಕ್ಕೆ ಕೆಳಗೆ ಚುಕ್ಕೆ, ತಾರ ಸಪ್ತಕಕ್ಕೆ ಮೇಲೆ ಚುಕ್ಕೆ. ಆ ಹಿರಿಯ ಗಾಯಕಿಯ ಪುಸ್ತಕವನ್ನು ನಾನು ಮೊದಲು ಜೆರಾಕ್ಸ್ ಮಾಡಿಸಿದೆ. ಐವತ್ತು ವರ್ಷದ ಪೆನ್ಸಿಲ್ ಚುಕ್ಕೆಗಳಲ್ಲಿ ಅರ್ಧಕ್ಕರ್ಧ ಪ್ರತಿಯಲ್ಲಿ ಮಾಯವಾಗಿದ್ದವು, ಕಾಗದದ ಮೇಲಿನ ಕಲೆಗಳು ಹೊಸ ಚುಕ್ಕೆಗಳಾಗಿ ಕುಳಿತಿದ್ದವು. ಮಂದ್ರದಲ್ಲಿ ತೂಗಬೇಕಾದ ಸಾಲನ್ನು ನಾನು ಮಧ್ಯ ಸಪ್ತಕದಲ್ಲಿ ಮಕ್ಕಳಿಗೆ ಹೇಳಿಕೊಟ್ಟೂ ಬಿಟ್ಟಿದ್ದೆ. ಈಗ ಕಿಟಕಿಯ ಪಕ್ಕದ ಓರೆ ಬೆಳಕಿನಲ್ಲಿ ಪ್ರತಿ ಪುಟದ ಬಣ್ಣದ ಚಿತ್ರ ತೆಗೆಯುತ್ತೇನೆ, ಪೆನ್ಸಿಲ್ ಒತ್ತಿದ ಗುರುತು ಆ ಬೆಳಕಿನಲ್ಲಿ ಕಾಣುತ್ತದೆ. ಪುಸ್ತಕವನ್ನು ಮನೆಗೆ ತರುವುದಿಲ್ಲ; ಅವರ ಕಣ್ಣೆದುರಿಗೇ ಚಿತ್ರ ತೆಗೆದು ಅಲ್ಲಿಯೇ ಹಿಂತಿರುಗಿಸುತ್ತೇನೆ. ಹಳೆಯ ಕ್ಯಾಸೆಟ್ಟುಗಳಿಗೂ ಇಂಥದೇ ತೊಂದರೆಯಿದೆ. ಟೇಪಿನ ವೇಗ ಹೆಚ್ಚು ಕಡಿಮೆಯಾಗಿದ್ದರೆ ಗಾಯಕರ ಶ್ರುತಿ ಅರ್ಧ ಸ್ವರ ಏರಿಯೋ ಇಳಿದೋ ಕೇಳಿಸುತ್ತದೆ, ಅದನ್ನು ನಂಬಿ ಅವರ ಧ್ವನಿ ಹೀಗಿತ್ತೆಂದು ಬರೆಯಲಾಗದು. ಅದೇ ಗಾಯಕರ ಇನ್ನೆರಡು ಮುದ್ರಣಗಳೊಡನೆ ತಂಬೂರಿಯನ್ನು ಹೋಲಿಸಿದ ಮೇಲೆಯೇ ನಾನು ಧ್ವನಿಯ ಬಗ್ಗೆ ಮಾತನಾಡುತ್ತೇನೆ.

ಬಾಳಿನ ಬರಹಕ್ಕೆ ಬಂದಿಶೇ ದಾಖಲೆಯಾಗಬಲ್ಲದು ಎಂಬುದು ನನಗೆ ತಡವಾಗಿ ತಿಳಿಯಿತು, ಅದೂ ನನ್ನದೇ ತಪ್ಪಿನ ಮೂಲಕ. ನಾನು ವರ್ಷಗಳಿಂದ ಪಾರಂಪರಿಕ ರಚನೆಯೆಂದು ಕಲಿಸುತ್ತಿದ್ದ ಒಂದು ಬಂದಿಶಿನ ಎರಡನೆಯ ಭಾಗವಾದ ಅಂತರಾದಲ್ಲಿ 'ಸುಜನ' ಎಂಬ ಮಾತು ಬರುತ್ತಿತ್ತು. ಸಜ್ಜನ ಎಂಬ ಅರ್ಥದಲ್ಲಿ ಅದನ್ನು ಮಕ್ಕಳಿಗೆ ವಿವರಿಸಿಯೂ ಇದ್ದೆ. ಅದು ರಾತಂಜನಕರ್ ಅವರ ಅಂಕಿತವೆಂದು ತಿಳಿದ ದಿನ, ಇಷ್ಟು ವರ್ಷ ಅವರ ಮಾತನ್ನೇ ಹಾಡುತ್ತಾ ಅವರ ಹೆಸರನ್ನು ಹೇಳದೆ ಹೋದೆನಲ್ಲ ಎಂದು ಬಹಳ ನೊಂದುಕೊಂಡೆ. ಅಲ್ಲಿಂದ ಅಂಕಿತಗಳನ್ನು ಹುಡುಕತೊಡಗಿದೆ. ಭಾತಖಂಡೆಯವರ ಲಕ್ಷಣಗೀತೆಗಳಲ್ಲಿ 'ಚತುರ', 'ಹರರಂಗ'; ಫೈಯಾಜ್ ಖಾನರಲ್ಲಿ 'ಪ್ರೇಮಪಿಯಾ'; ಕಾಯ್ಕಿಣಿಯವರಲ್ಲಿ 'ದಿನರಂಗ'. ಇವನ್ನು ಸಾಲಾಗಿ ಇಟ್ಟು ಹಾಡಿಸಿದರೆ ಮೂರು ತಲೆಮಾರಿನ ಕಲಿಕೆ ಕಿವಿಗೆ ಕೇಳಿಸುತ್ತದೆ. ಭಾತಖಂಡೆಯವರ ಲಕ್ಷಣಗೀತೆ ರಾಗದ ಆರೋಹ, ಅವರೋಹ, ಮುಖ್ಯ ಸ್ವರಗಳಾದ ವಾದಿ, ಸಂವಾದಿಗಳನ್ನು ಪದ್ಯದಲ್ಲಿಯೇ ಹೇಳಿಬಿಡುತ್ತದೆ. ವಕೀಲಿ ಮಾಡಿದ್ದ ಅವರ ಕ್ರಮಬದ್ಧ ಮನಸ್ಸು ಅಲ್ಲಿದೆ. ರಾತಂಜನಕರ್ ಅವರ ರಚನೆಗಳಲ್ಲಿ ಆ ಕ್ರಮವೂ ಇದೆ, ಫೈಯಾಜ್ ಖಾನರಿಂದ ಬಂದ ಆಗ್ರಾದ ಬೋಲ್ (ಹಾಡಿನ ಮಾತು) ಕಟ್ಟುವ ಬಿಗಿಯೂ ಇದೆ. ಇವರೊಬ್ಬರಲ್ಲಿ ಎರಡು ಹೊಳೆಗಳು ಕೂಡಿವೆ. ಸಾಲಗವರಾಳಿಯಂತಹ ಕರ್ನಾಟಕ ಸಂಗೀತದ ರಾಗದ ಕಡೆಗೆ ಅವರು ಕೈಚಾಚಿದ್ದನ್ನೂ, ಹಿಂದೂಸ್ತಾನಿ ರಾಗಗಳಲ್ಲಿ ವರ್ಣಗಳೆಂಬ ಕರ್ನಾಟಕ ಶೈಲಿಯ ರಚನೆಗಳನ್ನು ಕಟ್ಟಿದ್ದನ್ನೂ ನೋಡಿದರೆ, ತರಗತಿಯಲ್ಲಿ ಅವರು ವಿದ್ಯಾರ್ಥಿಗಳ ಮುಂದೆ ಎಷ್ಟು ವಿಶಾಲವಾದ ಜಗತ್ತನ್ನು ತೆರೆದಿಟ್ಟಿದ್ದರೆಂದು ತಿಳಿಯುತ್ತದೆ. ಅವರು ದೊಡ್ಡ ವೇದಿಕೆಗಳ ಗಾಯಕರಾಗಿ ಹೆಸರು ಮಾಡಲಿಲ್ಲವೆಂದು ಕೆಲವರು ಅವರ ಬಾಳನ್ನು ಒಂದು ಕೊರತೆಯಂತೆ ಹೇಳುವುದನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ಅವರ ಕಚೇರಿ ತರಗತಿಯಲ್ಲಿ ನಡೆದಿತ್ತು, ಅದನ್ನು ಕೇಳಿದವರು ಅದನ್ನೇ ಜೀವಮಾನವಿಡೀ ಹಾಡಿದರು.

ಕಾಲೇಜೆಂದ ಮೇಲೆ ಗಾಯಕರಷ್ಟೇ ಇರುವುದಿಲ್ಲ. ನನ್ನ ಮೊದಲ ಮೂವತ್ತು ಕಾರ್ಡುಗಳಲ್ಲಿ ಇಪ್ಪತ್ತೆಂಟು ಗಾಯಕರವೇ ಆಗಿದ್ದವು, ಏಕೆಂದರೆ ನಾನು ಗಾಯನ ಕಲಿತವಳು. ಇದನ್ನು ತಬಲಾ ಕಲಿಸುವ ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟರು. ಆಮೇಲೆ ಸರೋದಿನ ಸಖಾವತ್ ಹುಸೇನ್ ಖಾನ್, ಪಿಟೀಲಿನ ವಿ.ಜಿ. ಜೋಗ್, ಮುಂದಿನ ಕಾಲದಲ್ಲಿ ತಬಲಾದ ಅಹ್ಮದ್ ಜಾನ್ ಥಿರಕ್ವಾ ಅವರ ಕಾರ್ಡುಗಳು ಸೇರಿದವು. ಕಥಕ್ ಕಲಿಸಿದ ಮೋಹನರಾವ್ ಕಲ್ಯಾಣಪುರಕರ್ ಅವರ ಕಾರ್ಡನ್ನು ನೃತ್ಯ ಕಲಿತವರೇ ಬರೆಯಲೆಂದು ಒಬ್ಬ ಕಥಕ್ ಶಿಕ್ಷಕಿಗೆ ವಹಿಸಿದ್ದೇನೆ. ಹೆಜ್ಜೆಯ ಬಗ್ಗೆ ನಾನು ಬರೆದರೆ ಅದು ಹೊರಗಿನವರ ಮಾತಾಗುತ್ತದೆ. ಮನೆತನದ ವಿದ್ಯೆಯನ್ನು ಮಗನಿಗೋ ಅಳಿಯನಿಗೋ ಕೊಡುತ್ತಿದ್ದ ಉಸ್ತಾದರು, ಗಂಟೆ ಬಾರಿಸಿದಾಗ ಒಳಗೆ ಬಂದು, ಪರಿಚಯವಿಲ್ಲದ ಹತ್ತಾರು ಹುಡುಗ ಹುಡುಗಿಯರಿಗೆ ಪಾಠ ಹೇಳಲು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಕಾಲೇಜಿನ ಕಥೆಯನ್ನು ಭಾತಖಂಡೆ ಮತ್ತು ರಾತಂಜನಕರ್ ಅವರ ಕಥೆಯಾಗಿ ಮಾತ್ರ ಹೇಳುವವರು ಈ ಉಸ್ತಾದರನ್ನು ಹೆಸರುಗಳ ಸಾಲಿಗೆ ಇಳಿಸಿಬಿಡುತ್ತಾರೆ. ನನ್ನ ಕಾರ್ಡುಗಳಲ್ಲಾದರೂ ಹಾಗಾಗಬಾರದೆಂದು ಎಚ್ಚರ ವಹಿಸಿದ್ದೇನೆ. ಸಿನಿಮಾ ಸಂಗೀತಕ್ಕೆ ಹೋದ ರೋಶನ್ ಮತ್ತು ತಲತ್ ಮಹಮೂದ್, ಶ್ರೀಲಂಕಾದಿಂದ ಬಂದು ಕಲಿತು ತಮ್ಮ ನಾಡಿನ ಸಂಗೀತಕ್ಕೆ ಹೊಸ ದಾರಿ ತೋರಿದ ಸುನಿಲ್ ಶಾಂತ ಮತ್ತು ಅಮರದೇವ ಅವರಿಗೂ ಚಿಕ್ಕ ಕಾರ್ಡುಗಳಿವೆ. ಇವರನ್ನು ನೆನೆಯಲು ಬೇರೆ ಬಹಳ ಜನರಿರುವುದರಿಂದ ನಾನು ಹೆಚ್ಚು ಬರೆದಿಲ್ಲ.

ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸದೆ ಯಾವ ಕಾರ್ಡನ್ನೂ ಮುಗಿಸುವುದಿಲ್ಲ. ಹಲವರಿಗೆ ಕಣ್ಣು ಕಾಣುವುದು ಕಡಿಮೆ, ಆದ್ದರಿಂದ ದೂರವಾಣಿಯಲ್ಲಿ ನಿಧಾನವಾಗಿ ಓದುತ್ತೇನೆ. ಮನೆಯೊಳಗಿನ ಕಾಯಿಲೆ, ಹಣದ ಕಷ್ಟ, ಶಿಷ್ಯರ ನಡುವಿನ ಮನಸ್ತಾಪಗಳು ಮಾತಿನ ಭರದಲ್ಲಿ ಬರುತ್ತವೆ. ಮರುದಿನ ಅವರಿಗೇ ಅದು ಬೇಡವೆನಿಸಬಹುದು. ಅಂಥದನ್ನು ತೆಗೆದುಬಿಡುತ್ತೇನೆ. ಹಾಗೆಂದು ಹೊಗಳಿಕೆಯನ್ನು ಮಾತ್ರ ಉಳಿಸಿಕೊಳ್ಳುವುದೂ ಇಲ್ಲ. ಗುರುಗಳು ಕಠಿಣರಾಗಿದ್ದರೆ ಕಠಿಣರೆಂದೇ ಬರೆಯುತ್ತೇನೆ, ಯಾವ ಸ್ವರಕ್ಕಾಗಿ ಹಾಗಿದ್ದರು ಎಂಬುದನ್ನೂ ಜೊತೆಗೆ ಬರೆಯುತ್ತೇನೆ. 'ಮಹಾನ್', 'ದಿಗ್ಗಜ', 'ಅಪ್ರತಿಮ' ಎಂಬ ಮಾತುಗಳನ್ನು ಹೊಡೆದು ಹಾಕಿದ ಜಾಗದಲ್ಲಿ ಒಂದು ನಿಜವಾದ ಸಂಗತಿಯನ್ನು ತುಂಬಲೇಬೇಕೆಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡಿದ್ದೇನೆ, ಇದರಿಂದ ಬರಹ ಚಿಕ್ಕದಾದರೂ ಮಕ್ಕಳು ಕೇಳಿ ನೆನಪಿಟ್ಟುಕೊಳ್ಳುತ್ತಾರೆ.

ಈಗ ನಮ್ಮ ತರಗತಿಯಲ್ಲಿ ಪುಣ್ಯತಿಥಿಯ ದಿನ ಭಾಷಣವಿಲ್ಲ. ಒಬ್ಬ ವಿದ್ಯಾರ್ಥಿ ಕಾರ್ಡನ್ನು ಓದುತ್ತಾನೆ, ಇನ್ನೊಬ್ಬರು ಅದರ ಕೆಳಗೆ ಬರೆದಿರುವ ಬಂದಿಶನ್ನು ಹಾಡುತ್ತಾರೆ. ರಾತಂಜನಕರ್ ಅವರು ತೀರಿಕೊಂಡದ್ದು 1974ರ ಫೆಬ್ರವರಿ 14ರಂದು. ಕಳೆದ ಫೆಬ್ರವರಿಯಲ್ಲಿ ಆ 'ಸುಜನ' ಅಂಕಿತದ ಬಂದಿಶನ್ನು ಇಬ್ಬರು ಹುಡುಗಿಯರಿಂದ, ಈ ಬಾರಿ ರಚನಕಾರರ ಹೆಸರನ್ನು ಹೇಳಿಸಿಯೇ ಹಾಡಿಸಿದೆ, ಅದರ ಮುದ್ರಣವನ್ನು ಮುಂಬಯಿಯ ಆ ಹಿರಿಯ ಗಾಯಕಿಗೆ ಕಳುಹಿಸಿದೆ. ಅದೇ ಸಂಜೆ ಅವರ ಫೋನು ಬಂತು. ಮಕ್ಕಳು ಚೆನ್ನಾಗಿ ಹಾಡಿದ್ದಾರೆ, ಆದರೆ ಅಂತರಾದ ಎರಡನೆಯ ಸಾಲನ್ನು ಒಂದು ಮಾತ್ರೆ ತಡವಾಗಿ ಎತ್ತುತ್ತಿದ್ದಾರೆ, ತಮಗೆ ಗುರುಗಳು ಹೇಳಿಕೊಟ್ಟದ್ದು ಹಾಗಲ್ಲ ಎಂದರು. "ಬರೆದುಕೊಳ್ಳಿ" ಎಂದು ಹೇಳಿ, ತೊಡೆಯ ಮೇಲೆ ತಾಳ ಹಾಕುವ ಸದ್ದು ನನಗೆ ಕೇಳಿಸುವಂತೆ ಫೋನನ್ನು ಕೆಳಗೆ ಹಿಡಿದು, ಆ ಸಾಲನ್ನು ಮೂರು ಸಲ ಹಾಡಿದರು. ನಾನು ಕಾರ್ಡನ್ನು ತೆಗೆದು, ಫೆಬ್ರವರಿ 14 ಎಂಬ ತಾರೀಕಿನ ಪಕ್ಕದಲ್ಲಿದ್ದ ಖಾಲಿ ಜಾಗದಲ್ಲಿ ಆ ಸಾಲಿನ ಸ್ವರಗಳನ್ನು, ಎತ್ತುವ ಮಾತ್ರೆಯ ಕೆಳಗೆ ಒಂದು ಗುರುತು ಹಾಕಿ, ಬರೆದುಕೊಂಡೆ.